ಹೆಸರಿಲ್ಲದ ರೇಡಿಯೋಗೆ ಸುಳ್ಳು ಬಿಲ್ಲೆ ಬೇಡ, ಮಗಳೇ

ಪ್ರೀತಿಯ ಪುಟ್ಟಿ,

ನೀನು ಕೊಂಡ ಹಳೇ ರೇಡಿಯೋದ್ದು ಅಂತ ಕಳಿಸಿದ ಫೋಟೋಗಳನ್ನೆಲ್ಲ ನೋಡಿದೆ. ರೇಡಿಯೋ ಮುಂದೆ ಹೆಸರಿಲ್ಲ, ಹಿಂದಿನ ರಟ್ಟಿನ ಮೇಲೆ ಮಾಡೆಲ್ ನಂಬರ್ ಇಲ್ಲ, ಡಯಲ್ ಗಾಜಿನ ಮೇಲೂ ಬರೀ ತರಂಗದ ಉದ್ದ ಹೇಳುವ ಮೀಟರ್ ಅಂಕಿಗಳು. ಇದು ಯಾವ ಕಂಪನಿಯದು ಅಪ್ಪಾ ಅಂತ ಕೇಳಿದ್ದೀಯ. ಮಾರಿದವರು ಮರ್ಫಿ ಕಂಪನಿಯ ಹೆಸರಿನ ಬಿಲ್ಲೆ ಹುಡುಕಿ ಕೊಡುತ್ತೇನೆ, ಅಂಟಿಸಿದರೆ ಬೆಲೆ ಜಾಸ್ತಿಯಾಗುತ್ತದೆ ಅಂದರಂತೆ. ದಯವಿಟ್ಟು ಆ ಕೆಲಸ ಮಾತ್ರ ಮಾಡಬೇಡ.

ನನಗನ್ನಿಸುವುದು, ಇದು ಯಾವ ಕಂಪನಿಯದೂ ಅಲ್ಲ. ಹಿಂದೆ ನಮ್ಮ ಊರುಗಳಲ್ಲಿ ರೇಡಿಯೋ ಜೋಡಿಸಿಕೊಡುವವರಿದ್ದರು. ಮರದ ಪೆಟ್ಟಿಗೆ ಒಂದು ಕಡೆ, ಬಿಡಿಭಾಗಗಳನ್ನು ಕೂರಿಸುವ ತಗಡಿನ ಚಾಸಿ ಒಂದು ಕಡೆ, ಕಾಯಿಲ್ ಇನ್ನೊಂದು ಕಡೆ ಕೊಂಡು, ಕೈಯಲ್ಲೇ ಬೆಸುಗೆ ಹಾಕಿ ಸೆಟ್ ಮಾಡಿಕೊಡುತ್ತಿದ್ದರು. ಚಾಸಿಯ ಫೋಟೋ ದೊಡ್ಡದು ಮಾಡಿ ನೋಡು. ಟ್ರಾನ್ಸ್‌ಫಾರ್ಮರ್ ಪಕ್ಕದಲ್ಲಿ ಎರಡು ತೂತು ಖಾಲಿ ಇವೆ. ಬೇರೆ ಬೇರೆ ಸರ್ಕ್ಯೂಟಿಗೂ ಆಗಲಿ ಅಂತ ತಯಾರಿಸಿದ ಚಾಸಿ ಅದು. ವಾಲ್ವ್ ಅನ್ನುವ ಗಾಜಿನ ಕೊಳವೆಗಳನ್ನು ಸಿಕ್ಕಿಸುವ ಹೋಲ್ಡರುಗಳನ್ನು ರಿವೆಟ್ ಹೊಡೆದು ಕೂರಿಸಿಲ್ಲ, ಸ್ಕ್ರೂ ಮತ್ತು ನಟ್ಟು ಹಾಕಿದ್ದಾರೆ. ವೈರುಗಳನ್ನು ಮೇಣದ ದಾರದಲ್ಲಿ ಕಟ್ಟಿದ್ದಾರೆ, ಗಂಟಿನಿಂದ ಗಂಟಿಗೆ ಒಂದೇ ಅಳತೆ. ಯಾರ ಕಣ್ಣಿಗೂ ಬೀಳದ ಜಾಗದಲ್ಲಿ ಎಂಥ ಅಚ್ಚುಕಟ್ಟು! ಅಂಥ ಕೈಕೆಲಸಕ್ಕೆ ಇನ್ನೊಬ್ಬರ ಹೆಸರು ಅಂಟಿಸಲು ನನಗೆ ಮನಸ್ಸು ಬರುವುದಿಲ್ಲ.

ಯಾವ ಕಾಲದ್ದು ಅನ್ನುವುದನ್ನು ವಾಲ್ವ್‌ಗಳೇ ಹೇಳುತ್ತವೆ. ಇಸಿಎಚ್ 81, ಇಎಫ್ 89, ಇಬಿಸಿ 81, ಇಎಲ್ 84, ಇಝೆಡ್ 80. ಮೊದಲ ಅಕ್ಷರ ‘ಇ’ ಅಂದರೆ ವಾಲ್ವಿನೊಳಗೆ ಬಿಸಿಯಾಗುವ ತಂತಿಗೆ, ಅಂದರೆ ಹೀಟರಿಗೆ 6.3 ವೋಲ್ಟ್. ಅಂಕಿ 8ರಿಂದ ಶುರುವಾದರೆ ಒಂಬತ್ತು ಪಿನ್ನಿನ ಸಣ್ಣ ವಾಲ್ವ್. ಇವು ಬಂದದ್ದು 1950ರ ದಶಕದಲ್ಲಿ. ಹೋಲ್ಡರುಗಳೂ ಒಂಬತ್ತು ಪಿನ್ನಿನವೇ ಆದ್ದರಿಂದ ಸೆಟ್ ಅದಕ್ಕಿಂತ ಹಳೆಯದಲ್ಲ. ಇಎಲ್ 84 ಮೇಲೆ ಬಿಇಎಲ್ ಅಂತ ಅಚ್ಚಾಗಿದೆಯಲ್ಲ, ಅದು ನಮ್ಮ ಜಾಲಹಳ್ಳಿಯ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯದು. ಬಿಇಎಲ್ ರೇಡಿಯೋ ವಾಲ್ವ್ ತಯಾರಿಸಲು ಶುರು ಮಾಡಿದ್ದು 1961ರಲ್ಲಿ. ಹಾಗಂತ ರೇಡಿಯೋ 1961ರ ಮೇಲಿನದು ಅಂದುಕೊಳ್ಳಬೇಡ. ಸ್ಪೀಕರನ್ನು ನಡೆಸುವ ಆ ವಾಲ್ವ್ ಬಹಳ ದುಡಿಯುತ್ತದೆ, ಯಾರಾದರೂ ಮಧ್ಯೆ ಬದಲಾಯಿಸಿರಬಹುದು.

ಈಗ ಮುಖ್ಯ ವಿಷಯ. ‘ಪ್ಲಗ್ ಹಾಕಿ ನೋಡ್ಲಾ?’ ಅಂದಿದ್ದೀಯ. ಬೇಡ! ಒಳಗೆ 250 ವೋಲ್ಟಿನಷ್ಟು ಡಿಸಿ ಓಡಾಡುತ್ತದೆ. ಸ್ವಿಚ್ ಆಫ್ ಮಾಡಿದ ಮೇಲೂ ವಿದ್ಯುತ್ ಕೂಡಿಡುವ ದೊಡ್ಡ ಕಂಡೆನ್ಸರುಗಳಲ್ಲಿ ಕರೆಂಟ್ ಉಳಿದಿರುತ್ತದೆ. ವೋಲ್ಟ್ ಅಳೆಯುವ ಮಲ್ಟಿಮೀಟರ್ ಹಿಡಿದು ಸೊನ್ನೆ ತೋರಿಸುವ ತನಕ ಒಳಗೆ ಬೆರಳಿಡಬೇಡ.

ಎಲ್ಲಕ್ಕಿಂತ ಮೊದಲು ಬದಲಾಯಿಸಬೇಕಾದದ್ದು ಒಂದು ಸಣ್ಣ ಕಂಡೆನ್ಸರ್. ಇಬಿಸಿ 81ರಿಂದ ಇಎಲ್ 84ರ ಎರಡನೇ ಪಿನ್ನಿಗೆ ಹೋಗುವುದು, ಮೈಮೇಲೆ 0.01 ಅಂತ, ಅಂದರೆ ಅಷ್ಟು ಮೈಕ್ರೊಫ್ಯಾರಡ್ ಅಂತ, ಬರೆದಿದೆ. ಫೋಟೋದಲ್ಲಿ ಅದರ ಒಂದು ತುದಿಯಿಂದ ಮೇಣ ಇಳಿದು ಕಂದು ಹನಿ ಗಟ್ಟಿಯಾಗಿ ನಿಂತಿರುವುದು ಕಾಣುತ್ತದೆ. ಅದರ ಒಂದು ಕಡೆ ಹೆಚ್ಚಿನ ವೋಲ್ಟೇಜ್, ಇನ್ನೊಂದು ಕಡೆ ವಾಲ್ವಿನ ಕರೆಂಟನ್ನು ಹತೋಟಿಯಲ್ಲಿಡುವ ಗ್ರಿಡ್. ಒಳಗಿನ ಕಾಗದ ಹಳತಾಗಿ ಸ್ವಲ್ಪ ಸೋರಿದರೂ ಸಾಕು, ವಾಲ್ವ್ ಮಿತಿಮೀರಿ ಕರೆಂಟ್ ಎಳೆದು ಒಳಗಿನ ಪ್ಲೇಟ್ ಕೆಂಪಗಾಗುತ್ತದೆ. ಕೂದಲಿನಷ್ಟು ತೆಳುವಾದ ತಂತಿ ಸುತ್ತಿದ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಟ್ಟುಹೋಗುತ್ತದೆ. ಅದನ್ನು ಮತ್ತೆ ಸುತ್ತಿಕೊಡುವವರು ಈಗ ಸಿಗುವುದು ಕಷ್ಟ. ಬೆಂಗಳೂರಿನ ಎಸ್‌ಪಿ ರೋಡಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ 630 ವೋಲ್ಟಿನ ಪಾಲಿಯೆಸ್ಟರ್ ಕಂಡೆನ್ಸರ್ ಕೇಳು. ಮೇಣದ ಬೇರೆ ಕಂಡೆನ್ಸರುಗಳಿಗೂ, ದೊಡ್ಡ ಫಿಲ್ಟರ್ ಕಂಡೆನ್ಸರುಗಳಿಗೂ ಹೊಸದು ತಂದುಬಿಡು. ಕರೆಂಟ್ ಕೊಡುವ ಮುಂಚೆಯೇ ಎಲ್ಲ ಹಾಕಿ ಮುಗಿಸು.

ಆಮೇಲೆ ಸೀರೀಸ್ ಬಲ್ಬ್ ಕಟ್ಟು, ಅಂದರೆ ರೇಡಿಯೋಗೆ ಹೋಗುವ ಕರೆಂಟ್ ಒಂದು ಬಲ್ಬಿನ ಮೂಲಕವೇ ಹೋಗುವ ಹಾಗೆ ಮಾಡು. 60 ವ್ಯಾಟಿನ ಹಳೇ ಕಾಲದ ತಂತಿ ಬಲ್ಬೇ ಬೇಕು, ಎಲ್‌ಇಡಿ ಆಗುವುದಿಲ್ಲ. ಮೊದಲ ಸಲ, ಎಸಿಯನ್ನು ಡಿಸಿ ಮಾಡುವ ಇಝೆಡ್ 80 ವಾಲ್ವ್ ತೆಗೆದಿಟ್ಟು ಆನ್ ಮಾಡು, ಆಗ ಹೈ ವೋಲ್ಟೇಜ್ ಹುಟ್ಟುವುದೇ ಇಲ್ಲ. ಮಿಕ್ಕ ವಾಲ್ವ್‌ಗಳ ಹೀಟರ್ ಕೆಂಪಗಾದರೆ ಆಫ್ ಮಾಡಿ ಇಝೆಡ್ 80 ಹಾಕು. ಆಮೇಲೂ ಬಲ್ಬು ಪೂರ್ತಿ ಉರಿಯುತ್ತಲೇ ಇದ್ದರೆ ತಕ್ಷಣ ಪ್ಲಗ್ ಕಿತ್ತು ನನಗೆ ಫೋನ್ ಮಾಡು. ಅಕ್ಕಪಕ್ಕ ಯಾರಾದರೂ ಇರಲಿ, ಒಬ್ಬಳೇ ಮಾಡಬೇಡ ಕಂದಾ.

ಪೆಟ್ಟಿಗೆಗೆ ಉಪ್ಪು ಕಾಗದ ಹಾಕಿ ಉಜ್ಜಬೇಡ. ಒದ್ದೆ ಬಟ್ಟೆ ಚೆನ್ನಾಗಿ ಹಿಂಡಿ ಒರೆಸಿ, ಸ್ವಲ್ಪ ಮೇಣದ ಪಾಲಿಷ್ ಕೊಟ್ಟರೆ ಸಾಕು.

ಹೆಸರು ಬೇಕೇ ಬೇಕು ಅನ್ನಿಸಿದರೆ ಒಂದು ಚೀಟಿ ಬರೆದು ಪೆಟ್ಟಿಗೆಯ ಒಳಗೆ ಅಂಟಿಸು. ಎಲ್ಲಿ ಸಿಕ್ಕಿತು, ಯಾವ ಕಂಡೆನ್ಸರ್ ಬದಲಾಯಿಸಿದೆ, ಯಾವತ್ತು, ಇಷ್ಟು ಬರೆ. ಜೋಡಿಸಿದವರ ಹೆಸರು ಗೊತ್ತಿಲ್ಲ ಅಂತಲೂ ಬರೆ. ಮುಂದೆ ಇದನ್ನು ಬಿಚ್ಚುವವರಿಗೆ ಯಾವ ಬಿಲ್ಲೆಗಿಂತಲೂ ಅದೇ ಉಪಯೋಗ.

ಎಲ್ಲ ಸರಿಯಾದ ಮೇಲೆ ಕಿಟಕಿಯಿಂದ ಹತ್ತು ಮೀಟರ್ ವೈರ್ ಎಳೆದು ಏರಿಯಲ್ ಮಾಡು. ಮುಳ್ಳನ್ನು 490 ಮೀಟರ್ ಹತ್ತಿರ ತಾ, ಬೆಂಗಳೂರು ಆಕಾಶವಾಣಿಯ 612 ಕಿಲೋಹರ್ಟ್ಸ್ ಇರುವ ಜಾಗ ಅದು. ಕೋಣೆಯ ಎಲ್‌ಇಡಿ ದೀಪ, ಮೊಬೈಲ್ ಚಾರ್ಜರ್ ಎಲ್ಲ ಆಫ್ ಮಾಡಿರು. ಇಲ್ಲದಿದ್ದರೆ ಬರೀ ಗುಂಯ್ ಅಂತ ಕೇಳಿಸಿ, ರೇಡಿಯೋನೇ ಕೆಟ್ಟಿದೆ ಅಂದುಕೊಳ್ಳುತ್ತೀಯ.

ನಿನ್ನ ಅಪ್ಪ