ಮಗಳಿಗೊಂದು ಪತ್ರ: "ನಾವು ಅಂದ್ರೆ ಯಾರು?"

ಪ್ರೀತಿಯ ಕೂಸೇ,

ನೀನು ವಾಟ್ಸಾಪಿನಲ್ಲಿ ಕಳಿಸಿದ ರೆಸ್ಯೂಮೆ ಮೊಬೈಲಿನಲ್ಲಿ ಓದಲಿಕ್ಕೆ ಆಗಲಿಲ್ಲ. ನಿನ್ನೆ ಅಡಿಕೆ ಟೆಂಡರಿಗೆ ಅಂತ ಶಿರಸಿ ಪೇಟೆಗೆ ಹೋದವನು ಝೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ಹಾಕಿಸಿಕೊಂಡು ಬಂದೆ. ಮೂರು ಪುಟ! ಅಂಗಡಿ ಹುಡುಗ "ಕಲರ್ ಹಾಕಲಾ ಅಂಕಲ್, ಸ್ಟಾರೆಲ್ಲ ಇದೆ" ಅಂದ. ಕಪ್ಪು ಬಿಳುಪೇ ಸಾಕು ಮಾರಾಯ ಅಂದೆ.

ಜಗಲಿಯಲ್ಲಿ ಕೂತು ಎರಡು ಸಲ ಓದಿದೆ. ಓದಿ ನಿನ್ನ ಆಯಿಯ ಹತ್ತಿರ ಕೇಳಿದೆ, "ಇದರಲ್ಲಿ ನಮ್ಮ ಕೂಸು ಎಲ್ಲಿದ್ದಾಳೆ?" ಅವಳು ಫೋಟೊ ತೋರಿಸಿದಳು. ನಾನು ಕೇಳಿದ್ದು ಅದಲ್ಲ.

ಎರಡನೇ ಪುಟದ ನಡುವೆ ಒಂದು ಸಾಲಿದೆ ನೋಡು, ತಂಡದ ಭಾಗವಾಗಿ ಬ್ಯಾಚ್ ಪ್ರೊಸೆಸಿಂಗ್ ಮಾಡ್ಯೂಲಿನಲ್ಲಿ ಕೆಲಸ ಮಾಡಿದ್ದೇನೆ ಅಂತ. ಅಷ್ಟೇ. ಇದು 2021ರ ಮಳೆಗಾಲದ ಆ ಕೆಲಸವೇ ಅಲ್ವಾ? ಕಳಚೆಯಲ್ಲಿ ಗುಡ್ಡ ಕುಸಿದ ವರ್ಷ. ಮನೆಯಲ್ಲಿ ನೆಟ್‌ವರ್ಕ್ ಇಲ್ಲದೆ ನೀನು ಸೊಪ್ಪಿನ ಬೆಟ್ಟದ ಮೇಲೆ ಕೊಡೆ ಕಟ್ಟಿಕೊಂಡು, ಕಾಲಿಗೆ ಹತ್ತಿದ ಉಂಬಳಕ್ಕೆ ಸುಣ್ಣ ಹಚ್ಚುತ್ತಾ, ಲ್ಯಾಪ್‌ಟಾಪ್ ಮಡಿಲಲ್ಲಿ ಇಟ್ಟುಕೊಂಡು ಮೂರು ದಿನ ಕೂತಿದ್ದೆ. ನಾಲ್ಕನೇ ದಿನ ಸಂಜೆ ಇಳಿದು ಬಂದು ಹೇಳಿದೆ, ರಾತ್ರಿ ಕಂಪ್ಯೂಟರಿಗೆ ಆರು ಗಂಟೆ ಹಿಡಿಯುತ್ತಿದ್ದ ಬಿಲ್ಲಿಂಗ್ ಕೆಲಸ ಈಗ ನಲವತ್ತು ನಿಮಿಷಕ್ಕೆ ಮುಗಿಯುತ್ತೆ ಅಂತ. ಹೇಗೆ ಅಂತ ಕೇಳಿದ್ದಕ್ಕೆ, "ಒಂದೊಂದೇ ಅಡಿಕೆ ಹಿಡಿದು ಅಟ್ಟ ಹತ್ತಿ ಇಳಿದು ಮಾಡ್ತಿದ್ರು ಅಪ್ಪಾ, ನಾನು ಹೆಡಿಗೆ ತುಂಬಿ ಒಯ್ಯುವ ಹಾಗೆ ಮಾಡಿದೆ" ಅಂದೆ. ಸಿವಿಲ್ ಡಿಪ್ಲೊಮಾ ಓದಿದ ನನಗೂ ಅರ್ಥ ಆಯಿತು. ಅಷ್ಟು ಚೆಂದ ಹೇಳಲಿಕ್ಕೆ ಬರುವವಳು ರೆಸ್ಯೂಮೆಯಲ್ಲಿ ಯಾಕೆ ಮಾಯವಾಗಿಬಿಟ್ಟೆ?

ಬಿಡು, ತಪ್ಪು ನಿನ್ನದಲ್ಲ, ನಿನ್ನ ರಕ್ತದ್ದು. ಈ ಕಥೆ ನಿನಗೆ ಯಾವತ್ತೂ ಹೇಳಿಲ್ಲ.

ಕೊಂಕಣ ರೈಲ್ವೆ ಕೆಲಸ ನಡೆಯುತ್ತಿದ್ದಾಗ ನಾನು ಹೊನ್ನಾವರದಲ್ಲಿ ಒಬ್ಬ ಗುತ್ತಿಗೆದಾರರ ಕೈಕೆಳಗೆ ಇದ್ದೆ ಅಂತ ಗೊತ್ತಲ್ಲ. ಶರಾವತಿ ಮೇಲಿನ ಸೇತುವೆ, ಎರಡು ಕಿಲೋಮೀಟರಿಗಿಂತ ಜಾಸ್ತಿ ಉದ್ದ, ಆ ಇಡೀ ಮಾರ್ಗದಲ್ಲೇ ಉದ್ದದ್ದು. ನನ್ನ ಕೆಲಸ ಕ್ಯೂಬ್ ರಿಜಿಸ್ಟರು. ಕಾಂಕ್ರೀಟ್ ಹಾಕಿದಾಗೆಲ್ಲ 150 ಮಿಲಿಮೀಟರಿನ ಅಚ್ಚಿನಲ್ಲಿ ಒಂದಿಷ್ಟು ತುಂಬಿ, ನೀರಲ್ಲಿಟ್ಟು, 7 ದಿನಕ್ಕೆ ಕೆಲವು, 28 ದಿನಕ್ಕೆ ಕೆಲವು ಒಡೆದು ಎಷ್ಟು ಭಾರ ತಡೆಯಿತು ಅಂತ ಬರೆಯಬೇಕು. ಒಂದು ಮಳೆಗಾಲ 7 ದಿನದ ಕ್ಯೂಬುಗಳೇ ಸೊರಗಿಹೋದವು. ಎಲ್ಲರೂ ಸಿಮೆಂಟನ್ನು ಬೈದರು. ನನಗೆ ಮಾತ್ರ ಬಯಲಲ್ಲಿ ನೆನೆಯುತ್ತಾ ಬಿದ್ದಿದ್ದ ಮರಳಿನ ಮೇಲೆ ಅನುಮಾನ. ಅಡುಗೆಯವನ ಹತ್ತಿರ ಒಂದು ಬಾಣಲೆ ಇಸಕೊಂಡೆ. ಒಂದು ಕಿಲೋ ಮರಳು ತೂಗಿ, ಒಲೆಯ ಮೇಲೆ ಹುರಿದು, ಮತ್ತೆ ತೂಗಿದೆ. ಎಷ್ಟು ಕಡಿಮೆ ಬಂತೋ ಅಷ್ಟು ನೀರು ಮರಳಿನಲ್ಲೇ ಇತ್ತು. ಅದನ್ನು ಲೆಕ್ಕಕ್ಕೆ ಹಿಡಿಯದೆ ಮಿಕ್ಸರಿಗೆ ಪೂರ್ತಿ ನೀರು ಹೊಯ್ಯುತ್ತಿದ್ದರು. ದಿನಾ ಬೆಳಿಗ್ಗೆ ಮರಳು ಹುರಿದು ನೀರು ಕಡಿಮೆ ಮಾಡಿಸಿದೆ, ಕ್ಯೂಬು ಸರಿಯಾದವು. ಅಡುಗೆಯವನು ಮಾತ್ರ ಆ ಬಾಣಲೆಯನ್ನು ಮತ್ತೆ ಮುಟ್ಟಲಿಲ್ಲ.

1998ರ ಜನವರಿಯಲ್ಲಿ ಮಾರ್ಗ ಪೂರ್ತಿ ಶುರುವಾಯಿತು, ನಮ್ಮ ಕೆಲಸ ಮುಗಿಯಿತು. ಬೆಂಗಳೂರಿನಲ್ಲಿ ಒಂದು ಕಂಪನಿಯ ಇಂಟರ್‌ವ್ಯೂಗೆ ಹೋದೆ. ನನ್ನ ಬಯೋಡೇಟಾದಲ್ಲಿ ಶರಾವತಿ ಸೇತುವೆ ಕೆಲಸದಲ್ಲಿ ಅನುಭವ ಅಂತ ಒಂದೇ ಸಾಲು. ಮೇಜಿನ ಆಚೆ ಕೂತವರು ಕೇಳಿದರು, "ಅಲ್ಲಿ ನೀವು ಏನು ಮಾಡಿದಿರಿ?"

"ಕಾಂಕ್ರೀಟ್ ಎಲ್ಲ ನಾವೇ ನೋಡಿಕೊಳ್ತಿದ್ವಿ ಸಾರ್."

"ನಾವು ಅಂದ್ರೆ ಯಾರು?"

ನಾನು ತಡವರಿಸಿ ನಮ್ಮ ಸೈಟಿನವರು ಅಂದೆ. ಅವರು ನಕ್ಕರು, ಕೆಟ್ಟದಾಗಿ ಏನಲ್ಲ, ಆಮೇಲೆ ಇನ್ನೇನೂ ಕೇಳಲಿಲ್ಲ. ರಾತ್ರಿ ಬಸ್ಸು ಹಾವೇರಿ ದಾಟುವಾಗ ಬಾಣಲೆ ನೆನಪಾಯಿತು. ಹಾವೇರಿಯಲ್ಲಿ ನೆನಪಾಗಿ ಏನು ಪ್ರಯೋಜನ?

ನಮ್ಮ ಕಡೆ ನಾನು ಮಾಡಿದೆ ಅಂದರೆ ಜಂಬ ಅನ್ನುತ್ತಾರೆ. ಊಟದ ಪಂಕ್ತಿಯಲ್ಲಿ ಅದು ಸರಿ, ರೆಸ್ಯೂಮೆಯಲ್ಲಿ ಅಲ್ಲ. ನಿನ್ನ ಇಂಗ್ಲಿಷ್ ರೆಸ್ಯೂಮೆಯಲ್ಲಿ ನಾನು ಅನ್ನುವ ಪದ ಬೇಕಾಗಿಲ್ಲ, ಕ್ರಿಯಾಪದದಿಂದಲೇ ಸಾಲು ಶುರು ಮಾಡಿದರೆ ಆಯಿತು. ಕನ್ನಡದಲ್ಲಂತೂ ಇನ್ನೂ ಸುಲಭ, ಇಳಿಸಿದೆ, ಕಟ್ಟಿದೆ, ಹುಡುಕಿದೆ ಅಂದರೆ ರೆಸ್ಯೂಮೆ ಓದುವವರು ಯಾರು ಅಂತ ಕೇಳಬೇಕಾಗಿಯೇ ಇಲ್ಲ. ಮೊದಲು ಕನ್ನಡದಲ್ಲಿ ಹಾಗೆ ಬರೆದುಕೋ, ಆಮೇಲೆ ಇಂಗ್ಲಿಷ್ ಮಾಡು. ರಾತ್ರಿಯ ಬಿಲ್ಲಿಂಗ್ ಕೆಲಸವನ್ನು 6 ಗಂಟೆಯಿಂದ 40 ನಿಮಿಷಕ್ಕೆ ಇಳಿಸಿದೆ, ಒಬ್ಬೊಬ್ಬ ಗ್ರಾಹಕರಿಗೂ ಬೇರೆಬೇರೆಯಾಗಿ ಹೋಗುತ್ತಿದ್ದ ಡೇಟಾಬೇಸ್ ಕ್ವೆರಿಗಳನ್ನು ಒಟ್ಟುಗೂಡಿಸಿ, ಇಂಡೆಕ್ಸ್ ಸೇರಿಸಿ. ಏನು ಮಾಡಿದೆ, ಎಷ್ಟಾಯಿತು, ಹೇಗೆ ಅನ್ನುವ ಮೂರೂ ಒಂದೇ ಸಾಲಿನಲ್ಲಿ ಬಂತಲ್ಲ. ಇದು ಮೊದಲ ಪುಟದಲ್ಲಿ ಮೇಲೆ ಬರಬೇಕು. ತಂಡದ್ದು ಕದ್ದ ಹಾಗಾಗುತ್ತೆ ಅಂತ ನಿನಗೆ ಅನ್ನಿಸಬಹುದು. ಹಾಗಾದರೆ ಐದು ಜನರ ತಂಡದಲ್ಲಿ ನನ್ನ ಪಾಲು ಇಷ್ಟು ಅಂತಲೇ ಬರಿ. ಪಾಲು ಹೇಳುವುದು ಕಳ್ಳತನ ಅಲ್ಲ.

ಅಂಕಿಯ ಬೆಲೆ ನಮ್ಮ ಜಿಲ್ಲೆಯವರಿಗೆ ಹೇಳಬೇಕಾ? ಕೈಗಾ ಅಣುಸ್ಥಾವರದಲ್ಲಿ ಕರೆಂಟು ಚೆನ್ನಾಗಿ ತೆಗೆಯುತ್ತಾರೆ ಅಂದರೆ ಯಾರೂ ತಿರುಗಿ ನೋಡುವುದಿಲ್ಲ. ಮೊದಲ ಘಟಕ 962 ದಿನ ಒಮ್ಮೆಯೂ ನಿಲ್ಲದೆ ಓಡಿ 2018ರ ಡಿಸೆಂಬರ್ 31ಕ್ಕೆ ನಿಂತಿತು, ಆಗ ಅದು ಜಗತ್ತಿನ ದಾಖಲೆ. ಹೀಗಂದರೆ ಯಾರಾದರೂ ತಲೆ ಎತ್ತುತ್ತಾರೆ. ಹಾಗಂತ ಇಲ್ಲದ ಅಂಕಿ ಹುಟ್ಟಿಸಬೇಡ. ಎಲ್ಲಾ ಸಾಲಿಗೂ ಶೇಕಡಾ ಇಷ್ಟು ಅಂತ ಅಂಟಿಸಿದ ರೆಸ್ಯೂಮೆ ನೋಡಿದರೆ ನನಗಂತೂ ಅನುಮಾನವೇ ಜಾಸ್ತಿಯಾಗುತ್ತೆ.

ಇನ್ನೊಂದು. ಲಿಯೊನಾರ್ಡೊ ಡ ವಿಂಚಿ ಗೊತ್ತಲ್ಲ, ಮೋನಾಲಿಸಾದವನು. 1482ರ ಸುಮಾರಿಗೆ ಮಿಲಾನಿನ ದೊರೆಗೆ ಕೆಲಸ ಕೇಳಿ ಒಂದು ಪತ್ರ ಬರೆದ. ಅದನ್ನೇ ಮೊದಲ ರೆಸ್ಯೂಮೆ ಅನ್ನುತ್ತಾರೆ. ಮೊಟ್ಟಮೊದಲ ಅಂಶವೇ ಸೇತುವೆ! ಹಗುರವಾದ, ಗಟ್ಟಿಯಾದ, ಹೊತ್ತುಕೊಂಡು ಹೋಗಬಹುದಾದ ಸೇತುವೆ ಕಟ್ಟಬಲ್ಲೆ ಅಂತ. (ಇದನ್ನು ಓದಿದ ದಿನ ನನಗಾದ ಖುಷಿ ನಿನ್ನ ಆಯಿಗೆ ಅರ್ಥವೇ ಆಗಲಿಲ್ಲ.) ಆಮೇಲೆ ಫಿರಂಗಿ, ಸುರಂಗ, ಯುದ್ಧದ ಗಾಡಿ. ಚಿತ್ರ ಬರೆಯಲಿಕ್ಕೂ ಬರುತ್ತೆ ಅನ್ನುವುದು ಬಂದಿದ್ದು ಕೊನೆಗೆ. ಯಾಕೆಂದರೆ ಆ ದೊರೆಗೆ ಬೇಕಾಗಿದ್ದು ಯುದ್ಧಕ್ಕೆ ಆಗುವವನು. ನೀನು ಒಂದೇ ರೆಸ್ಯೂಮೆಯನ್ನು ಹದಿನೈದು ಕಂಪನಿಗೆ ಕಳಿಸಿದ್ದೇನೆ ಅಂದೆಯಲ್ಲ, ಅಲ್ಲೇ ಎಡವಿದ್ದು. ಅವರ ಜಾಹೀರಾತನ್ನು ನಿಧಾನಕ್ಕೆ ಓದು. ಅವರು ಬರೆದಿರುವ ತಂತ್ರಜ್ಞಾನ ನಿನಗೆ ನಿಜವಾಗಿ ಗೊತ್ತಿದ್ದರೆ ಅವರು ಬಳಸಿದ ಹೆಸರಿನಲ್ಲೇ ಬರಿ, ಅದಕ್ಕೆ ಹೊಂದುವ ಕೆಲಸವನ್ನು ಮೇಲಕ್ಕೆ ತಾ.

ನಿನ್ನೆ ಟೆಂಡರಿನಲ್ಲಿ ನಮ್ಮ ಚಾಲಿ ಅಡಿಕೆ ರಾಶಿ ಮುಂದೆ ನಿಂತು ನೋಡಿದೆ. ವ್ಯಾಪಾರಿ ಬಂದ, ಮೇಲೆ ಕಣ್ಣಾಡಿಸಿದ, ಮೊಣಕೈ ತನಕ ಕೈ ಹಾಕಿ ಅಡಿಯಿಂದ ಒಂದು ಹಿಡಿ ತೆಗೆದ, ಒಂದನ್ನು ಕತ್ತರಿಸಿ ನೋಡಿದ, ಚೀಟಿಯಲ್ಲಿ ದರ ಬರೆದು ಮುಂದಿನ ರಾಶಿಗೆ ಹೋದ. ವರ್ಷಪೂರ್ತಿ ನಾವು ಕೊಳೆರೋಗಕ್ಕೆ ಮದ್ದು ಹೊಡೆದಿದ್ದು, ಕೊನೆ ಕೊಯ್ಯುವ ಕೊನೆಗೌಡನ ಹಿಂದೆ ಅಲೆದಿದ್ದು ಅವನಿಗೆ ಬೇಕಾಗಿಲ್ಲ. ನಿನ್ನ ಮೂರು ಪುಟಕ್ಕೂ ಸಿಗುವುದು ಅಷ್ಟೇ ಹೊತ್ತು. ಐದು ವರ್ಷದ ಅನುಭವಕ್ಕೆ ಒಂದು ಪುಟ ಸಾಕು. ಎರಡು ಕಾಲಮ್ಮು ತೆಗಿ, ದೊಡ್ಡ ಕಂಪನಿಗಳಲ್ಲಿ ಮೊದಲು ಓದುವುದು ಸಾಫ್ಟ್‌ವೇರು, ಅದು ಕೆಲವು ಸಲ ಎಡಗಡೆಯ ಸಾಲಿಗೆ ಬಲಗಡೆಯದ್ದನ್ನು ಅಂಟಿಸಿ ಕಲಸುಮೇಲೋಗರ ಮಾಡುತ್ತೆ. ಫೋಟೊ, ಹುಟ್ಟಿದ ದಿನ, ಮದುವೆ ಆಗಿದೆಯೋ ಇಲ್ಲವೋ, ಮೇಲ್ಕಂಡ ವಿವರಗಳು ಸತ್ಯ ಅನ್ನುವ ಘೋಷಣೆ, ಯಾವುದೂ ಬೇಡ. ತಂದೆಯ ಹೆಸರೂ ಬೇಡ. ನೋಡಿ ಖುಷಿಯಾಯಿತು, ಆದರೂ ತೆಗಿ.

ಜಾವಾಕ್ಕೆ ನಾಲ್ಕು ಸ್ಟಾರು, ಪೈಥಾನಿಗೆ ಮೂರೂವರೆ ಅಂತ ಹಾಕಿದ್ದೀಯಲ್ಲ, ಕೊಟ್ಟವರು ಯಾರು? ನೀನೇ ಅಲ್ವಾ? ಪಟ್ಟಿಯಲ್ಲಿ ಇಪ್ಪತ್ತೆರಡು ಹೆಸರಿದೆ, ಎಣಿಸಿದೆ. ಕುಬರ್ನೆಟಿಸ್ ಅಂತಲೂ ಇದೆ. ಅದು ಒಂದು ದಿನದ ಟ್ರೇನಿಂಗು, ಊಟ ಚೆನ್ನಾಗಿತ್ತು ಅಂತ ನೀನೇ ಹೇಳಿದ್ದೆ. ಇಂಟರ್‌ವ್ಯೂನಲ್ಲಿ ಅವರೂ ಅಡಿಗೇ ಕೈ ಹಾಕುತ್ತಾರೆ. ಮೇಲೆ ಒಳ್ಳೆ ಅಡಿಕೆ ಹರವಿ ಕೆಳಗೆ ಕಳಪೆ ಕೋಕ ಇಟ್ಟರೆ ಇಡೀ ರಾಶಿಗೇ ಕೋಕದ ದರ ಬರೆಯುತ್ತಾರೆ.

ಅಮ್ಮಮ್ಮನ ಕೊನೆಯ ದಿನಗಳಲ್ಲಿ ನೀನು ಕೆಲಸ ಬಿಟ್ಟು ಬಂದು ನಾಲ್ಕು ತಿಂಗಳು ಇಲ್ಲೇ ಇದ್ದೆ. ಅದನ್ನು ಮುಚ್ಚಲಿಕ್ಕೆ ಹಳೆಯ ಕಂಪನಿಯ ತಾರೀಕು ಎಳೆದಿದ್ದೀಯಲ್ಲ, ಅದು ನನಗೆ ಸರಿ ಬರಲಿಲ್ಲ. ಈಗ ಪಿಎಫ್ ಖಾತೆಯಲ್ಲಿ ಯಾವ ತಿಂಗಳಿಂದ ಯಾವ ತಿಂಗಳ ತನಕ ಎಲ್ಲಿದ್ದೆ ಅಂತ ಎಲ್ಲಾ ಇರುತ್ತೆ. ಬ್ಯಾಕ್‌ಗ್ರೌಂಡ್ ಚೆಕ್ಕಿನಲ್ಲಿ ಸಿಕ್ಕಿಬಿದ್ದರೆ ಕೈಗೆ ಬಂದ ಆಫರೂ ಹೋಗಬಹುದು. ಸಿಗಲಿಲ್ಲ ಅಂತಲೇ ಇಟ್ಟುಕೋ, ಅಮ್ಮಮ್ಮನಿಗೆ ಗಂಜಿ ಕುಡಿಸಿದ ನಾಲ್ಕು ತಿಂಗಳು ನಾಚಿಕೆ ಪಡುವಂಥದ್ದಾ? ತಾರೀಕು ಸರಿ ಬರಿ. ಕೇಳಿದರೆ ಮನೆಯಲ್ಲಿ ಹಿರಿಯರಿಗೆ ಹುಷಾರಿರಲಿಲ್ಲ, ನೋಡಿಕೊಂಡೆ ಅಂತ ಹೇಳು. ಜಾಸ್ತಿ ವಿವರ ಬೇಡ.

ಇನ್ನು ಪ್ರಮೋಷನ್ ವಿಷಯ. ಈ ಸಲ ನಿನಗೆ ಕೊಡಲಿಲ್ಲ ಅಂತ ಸಿಟ್ಟು ಬಂದು ರಾತ್ರಿ ಎರಡು ಗಂಟೆಗೆ ಈ ರೆಸ್ಯೂಮೆ ಮಾಡಿದ್ದು ಅಂತ ನಿನ್ನ ಮೆಸೇಜಿನ ಟೈಮು ನೋಡಿಯೇ ಗೊತ್ತಾಯಿತು. ಒಂದು ಕೇಳುತ್ತೇನೆ. ಆ ನಲವತ್ತು ನಿಮಿಷದ ಕಥೆ ನಿನ್ನ ಈಗಿನ ಮ್ಯಾನೇಜರಿಗೆ ಗೊತ್ತಾ? ಅವರು ಬಂದಿದ್ದು ಹೋದ ವರ್ಷ. ಪ್ರಮೋಷನ್ ಮೀಟಿಂಗಿನಲ್ಲಿ ನೀನು ಇರುವುದಿಲ್ಲ, ನಿನ್ನ ಪರವಾಗಿ ಮಾತಾಡುವವರು ಅವರು. ಅವರ ಕೈಗೆ ನೀನು ಏನೂ ಕೊಡದಿದ್ದರೆ ಪಾಪ ಅವರಾದರೂ ಏನು ಹೇಳಬೇಕು? ಕಳೆದ ಎರಡು ತಿಂಗಳಲ್ಲಿ ಕಣ್ಣಿಗೆ ಬಿದ್ದಿದ್ದು ಹೇಳುತ್ತಾರೆ. ನನ್ನ ಕ್ಯೂಬ್ ರಿಜಿಸ್ಟರಿನ ಹಾಗೆ ನೀನೂ ಒಂದು ಇಡು. ಶುಕ್ರವಾರ ಸಂಜೆ ಮೂರು ಸಾಲು ಸಾಕು, ಈ ವಾರ ಏನು ಕೆಟ್ಟಿತ್ತು, ನಾನು ಏನು ಮಾಡಿದೆ, ಎಷ್ಟಾಯಿತು. ಹೊಸ ಹುಡುಗರಿಗೆ ಕಲಿಸಿದ್ದೂ ಬರಿ, ನಾಳೆ ಸೀನಿಯರ್ ಆಗುವವಳಿಗೆ ಅದೂ ಲೆಕ್ಕಕ್ಕೆ ಬರುತ್ತೆ. ಈಗಲೇ ಮ್ಯಾನೇಜರ್ ಜೊತೆ ಅರ್ಧ ಗಂಟೆ ಕೂತು, ಮುಂದಿನ ಮಟ್ಟಕ್ಕೆ ನನ್ನಲ್ಲಿ ಏನು ಕಮ್ಮಿ ಅಂತ ನೇರ ಕೇಳು. ಉತ್ತರ ಸರಿ ಬಂದರೆ ಆರು ತಿಂಗಳು ನೋಡು, ಸುಮ್ನೆ ಹಾರಿಕೆ ಉತ್ತರ ಬಂದರೆ ಹೊರಡು. ಹೇಗೂ ನಿನ್ನ ನೋಟಿಸ್ ಪೀರಿಯಡ್ಡೇ ಮೂರು ತಿಂಗಳು, ಅವಸರ ಮಾಡಿ ಆಗಬೇಕಾದ್ದು ಏನಿಲ್ಲ. ಆಫರ್ ಲೆಟರ್ ಕೈಗೆ ಬರುವ ತನಕ ರಾಜೀನಾಮೆ ಮಾತ್ರ ಕೊಡಬೇಡ.

ಪ್ರಿಂಟಿನ ಮೇಲೆ ಕೆಂಪು ಪೆನ್ನಿನಲ್ಲಿ ಗೀಚಿದ್ದೇನೆ, ಫೋಟೊ ತೆಗೆದು ಕಳಿಸುತ್ತೇನೆ. ಬಯ್ದಿದ್ದು ಜಾಸ್ತಿ ಆಯಿತು ಅಂತ ನಿನ್ನ ಆಯಿ ತೊಡೆದೇವು ಕಟ್ಟಿದ್ದಾಳೆ. ನಾಡಿದ್ದು ರಾತ್ರಿ ಬಸ್ಸಿಗೆ ಕೊಡುತ್ತೇನೆ, ಬೆಳಿಗ್ಗೆ ಬೇಗ ಹೋಗಿ ಇಸಕೋ, ಡ್ರೈವರ್ ಡಬ್ಬದ ಮೇಲೆ ಚೀಲ ಹೇರಿದರೆ ಪುಡಿಯೇ ಗತಿ. ಭಾನುವಾರ ಸಂಜೆ ಫೋನ್ ಮಾಡುತ್ತೇನೆ. ಅಷ್ಟರೊಳಗೆ ಒಂದು ಪುಟ ಮಾಡಿಡು. ಓದಿ ಹೇಳು, ನಾನು ಎಲ್ಲಾ ಸಾಲಿಗೂ "ನಾವು ಅಂದ್ರೆ ಯಾರು?" ಅಂತ ಕೇಳುತ್ತಾ ಹೋಗುತ್ತೇನೆ.

ನಿನ್ನ
ಅಪ್ಪ