ನಿಮ್ಮಪ್ಪ-ಅಮ್ಮನಿಗೆ ಒಂದು ಕಡತ

ಕೊಪ್ಪ, ಏಪ್ರಿಲ್ ಕೊನೆಯ ವಾರ

ಪ್ರೀತಿಯ ಗೆಳೆಯ,

ಮೊನ್ನೆ ನೀನು ಫೋನಿನಲ್ಲಿ ಕೇಳಿದ್ದಕ್ಕೆ ನಾನು ಆಗಲೇ ಉತ್ತರ ಹೇಳಲಿಲ್ಲ. ಜೂನ್ ಮೊದಲ ವಾರಕ್ಕೆ ನಿಮ್ಮಪ್ಪ-ಅಮ್ಮನ ಮದುವೆಯಾಗಿ 50 ವರ್ಷ. ಬಂದವರಿಗೆ ತಾಂಬೂಲದ ಜೊತೆ ಏನು ಕೊಡೋದು, ಅವರಿಬ್ಬರಿಗೆ ಏನು ಕೊಡೋದು, ಸುಮ್ನೆ ನೂರು ಸ್ಟೀಲ್ ಡಬ್ಬಿ ತರಿಸಿಬಿಡಲಾ ಅಂದೆ. ಎರಡು ದಿನ ಅದೇ ತಲೆಯಲ್ಲಿತ್ತು. ಬೇಡ ಕಣೋ. ಕಾಗದದಲ್ಲಿ ಮಾಡೋಣ. ಮಕ್ಕಳಿಗೆ ಹೇಗೂ ಬೇಸಿಗೆ ರಜೆ, ಮೇ ತಿಂಗಳು ಇಡೀ ಮುಂದಿದೆ. ಆದರೆ ಮಾಡೋದಾದರೆ ಮಳೆ ಹಿಡಿಯುವುದರೊಳಗೆ ಮುಗಿಸಬೇಕು.

ನಮ್ಮ ಕಡೆ ಕಾಗದದ ಕೆಲಸಕ್ಕೆ ಬೇಸಿಗೆಯೇ ಕಾಲ. ನೀನು ಬೆಂಗಳೂರಿಗೆ ಹೋಗಿ ಎಷ್ಟೋ ವರ್ಷವಾಯಿತು, ಇಲ್ಲಿ ಈಗಲೂ ಆಷಾಢದಲ್ಲಿ ಬೆಂಕಿಪೊಟ್ಟಣವನ್ನು ಒಲೆಯ ಪಕ್ಕವೇ ಇಡಬೇಕು. ಕಾಗದ ಅಂದರೆ ನಾರು ತಾನೆ. ಗಾಳಿಯ ತೇವ ಕುಡಿದು ಉಬ್ಬುತ್ತದೆ, ಮಡಿಕೆ ಬಿಟ್ಟುಕೊಳ್ಳುತ್ತದೆ, ಅಂಟು ಒಣಗುವ ಮೊದಲೇ ಬೂಷ್ಟು ಬರುತ್ತದೆ. ಹೋದ ವರ್ಷ ಗಣಪತಿ ಹಬ್ಬಕ್ಕೆ ಅಂತ ಮಗಳು ಮತ್ತು ಅವಳ ಗೆಳತಿಯರು ಆಗಸ್ಟ್‌ನಲ್ಲಿ ಕೂತು ಮೂವತ್ತು ಆಕಾಶಬುಟ್ಟಿ ಮಾಡಿದ್ದರು. ಸಂಜೆ ಕಟ್ಟಿದ್ದು, ಬೆಳಿಗ್ಗೆ ನೋಡಿದರೆ ಎಲ್ಲವೂ ಜೋತುಬಿದ್ದಿದ್ದವು. ಮಗಳು ಊಟ ಮಾಡಲಿಲ್ಲ. ಅದೇ ಕಾಗದದಲ್ಲಿ ಈ ಏಪ್ರಿಲ್‌ನಲ್ಲಿ ಮತ್ತೆ ಮಾಡಿದ್ದಾಳೆ. ಒಣಗಿದ ಕಾಗದದ ಮೇಲೆ ಉಗುರಿನಿಂದ ಒಮ್ಮೆ ತೀಡಿದರೆ ಮಡಿಕೆ ಚಾಕುವಿನ ಹಾಗೆ ನಿಲ್ಲುತ್ತದೆ. ಹಾಗೆ ಮಾಡಿ, ಮುಚ್ಚಳ ಗಟ್ಟಿಯಾಗಿರುವ ಡಬ್ಬದಲ್ಲಿಟ್ಟರೆ ಮಳೆಗಾಲವನ್ನೂ ದಾಟುತ್ತದೆ.

ಈಗ ಟ್ರಂಕಿನ ವಿಷಯ ಹೇಳಬೇಕು.

ಹೋದ ಭಾನುವಾರ ಮಕ್ಕಳಿಗೆ ದಪ್ಪ ಕಾಗದ ಬೇಕು ಅಂತ ಅಮ್ಮನ ಟ್ರಂಕು ತೆಗೆದೆವು. ನಮ್ಮಮ್ಮ ಲಗ್ನಪತ್ರಿಕೆ ಬಿಸಾಡುವುದಿಲ್ಲ, ನಿನಗೆ ಗೊತ್ತಲ್ಲ. ದೇವರ ಹೆಸರಿರುತ್ತದೆ, ಒಲೆಗೂ ಹಾಕಬಾರದು, ತಿಪ್ಪೆಗೂ ಹಾಕಬಾರದು. ಹಾಗಾಗಿ ಐವತ್ತು ವರ್ಷದ ಪತ್ರಿಕೆಗಳು ಟ್ವೈನ್ ದಾರ ಕಟ್ಟಿಸಿಕೊಂಡು ಟ್ರಂಕಿನಲ್ಲಿ ಕೂತಿವೆ. ಎಲ್ಲವನ್ನೂ ಜಗಲಿಯಲ್ಲಿ ಹರಡಿಕೊಂಡೆವು. ಕತ್ತರಿ ಮಕ್ಕಳ ಕೈಯಲ್ಲಿ, ಪತ್ರಿಕೆ ಅಮ್ಮನ ಕೈಯಲ್ಲಿ. ಒಂದೊಂದನ್ನೂ ಓದಿಯೇ ಕೊಡುವುದು. "ಇವಳ ಧಾರೆ ಹೊತ್ತಿಗೆ ಎಂಥಾ ಮಳೆ ಅಂದರೆ ಚಪ್ಪರ ಸೋರಿ ಪಾಯಸಕ್ಕೆ ನೀರು ಬಿತ್ತು." "ಈ ಹುಡುಗ ಈಗ ಇಲ್ಲ, ಪಾಪ." ಓದಿ ಆದ ಮೇಲೆ ತಲೆಯ ಮೇಲಿನ ಗಣಪತಿಯನ್ನು, 'ಪ್ರಸನ್ನ' ಅಂತ ಇರುವ ಸಾಲನ್ನು ತಾವೇ ಬಿಡಿಸಿ ತಟ್ಟೆಯಲ್ಲಿ ಇಡುತ್ತಾರೆ. ಗಂಡು-ಹೆಣ್ಣಿನ ಹೆಸರಿನ ಮೇಲೂ ಕತ್ತರಿ ಆಡಿಸಬೇಡಿ ಅಂದರು. ಮಕ್ಕಳು ಆ ಭಾಗವನ್ನು ತುಂಡಾಗದ ಹಾಗೆ ಬಿಡಿಸಿ, ಮಡಿಸಿದ ಪೆಟ್ಟಿಗೆಯ ಮುಚ್ಚಳದ ಒಳಮೈಗೆ ಅಂಟಿಸಿದರು.

ಅದನ್ನು ನೋಡಿದಾಗಲೇ ನನಗೆ ಹೊಳೆದದ್ದು. ನಿಮ್ಮ ಮನೆ ಸಮಾರಂಭಕ್ಕೆ ಬರುವ ಜೋಡಿಗಳಲ್ಲಿ ಅರ್ಧಕ್ಕರ್ಧ ಜನರ ಲಗ್ನಪತ್ರಿಕೆ ಈ ಟ್ರಂಕಿನಲ್ಲೇ ಇದೆ. ಅವರವರ ತಾಂಬೂಲದ ಪೆಟ್ಟಿಗೆಯನ್ನು ಅವರವರ ಪತ್ರಿಕೆಯಲ್ಲೇ ಮಾಡಿದರೆ ಹೇಗೆ? ಮುಚ್ಚಳ ತೆಗೆದರೆ ಒಳಗೆ ಅವರದೇ ಹೆಸರು, ಅವರದೇ ಮದುವೆಯ ತಾರೀಖು. ಸ್ಟೀಲ್ ಡಬ್ಬಿಯ ಮೇಲೆ ಹೆಸರು ಕೆತ್ತಿಸಬಹುದು, ಆದರೆ ಇದು ಅಂಗಡಿಯಲ್ಲಿ ಸಿಗುವಂಥದ್ದಲ್ಲ.

ಪೆಟ್ಟಿಗೆ ಮಡಿಸುವುದು ಕಷ್ಟವಿಲ್ಲ. ಜಪಾನಿನವರು ಇದಕ್ಕೆ ಮಾಸು ಅನ್ನುತ್ತಾರೆ. ಮಾಸು ಅಂದರೆ ಅವರು ಅಕ್ಕಿ ಅಳೆಯುತ್ತಿದ್ದ ಚೌಕದ ಮರದ ಪೆಟ್ಟಿಗೆ, ನಮ್ಮ ಸೇರು-ಪಾವು ಇದ್ದ ಹಾಗೆ. ಚೌಕ ಕಾಗದದ ನಾಲ್ಕು ಮೂಲೆಯನ್ನೂ ನಡುವಿಗೆ ತಂದು ಮಡಿಸಬೇಕು. ಆಮೇಲೆ ಎದುರುಬದುರು ಅಂಚುಗಳನ್ನು ನಡುಗೆರೆಗೆ ತಂದು ಗೆರೆ ಮೂಡಿಸಿ ಬಿಚ್ಚಬೇಕು, ಇನ್ನೆರಡು ಅಂಚಿಗೂ ಹಾಗೇ. ಎದುರುಬದುರಿನ ಎರಡು ಮೂಲೆ ಮಾತ್ರ ಪೂರ್ತಿ ಬಿಚ್ಚಿ, ಉಳಿದ ಎರಡು ಬದಿಯನ್ನು ಗೋಡೆಯ ಹಾಗೆ ಎತ್ತಿ ನಿಲ್ಲಿಸಿ, ಬಿಚ್ಚಿದ ಮೂಲೆಗಳನ್ನು ಒಳಕ್ಕೆ ಮಗುಚಿದರೆ ಆಯಿತು. ಅಂಟೂ ಬೇಡ, ಕತ್ತರಿಯೂ ಬೇಡ. 20 ಸೆಂ.ಮೀ. ಚೌಕದಿಂದ ಸುಮಾರು 7 ಸೆಂ.ಮೀ. ಅಗಲ, ಮೂರೂವರೆ ಸೆಂ.ಮೀ. ಎತ್ತರದ ಪೆಟ್ಟಿಗೆ ಬರುತ್ತದೆ. ಮುಚ್ಚಳಕ್ಕೆ 20, ತಳಕ್ಕೆ 19 ಸೆಂ.ಮೀ. ತೆಗೆದುಕೊ. ಲಗ್ನಪತ್ರಿಕೆ ದಪ್ಪ ಇರುವುದರಿಂದ ಆ ಒಂದು ಸೆಂ.ಮೀ. ಬೇಕೇ ಬೇಕು, ಇಲ್ಲದಿದ್ದರೆ ಮುಚ್ಚಳ ಕೂರುವುದಿಲ್ಲ. ಒಳಗೆ ಎರಡು ಕೊಬ್ಬರಿ ಮಿಠಾಯಿ ಹಿಡಿಯುತ್ತದೆ. ಬೆಣ್ಣೆ ಕಾಗದದಲ್ಲಿ ಸುತ್ತಿ ಇಡಬೇಕು, ಇಲ್ಲದಿದ್ದರೆ ಜಿಡ್ಡು ಹೊರಗೆ ಕಾಣುತ್ತದೆ. ವೀಳ್ಯದೆಲೆಯನ್ನಂತೂ ಒಳಗೆ ಹಾಕಲೇಬೇಡ, ಅದರ ತೇವಕ್ಕೆ ಸಂಜೆಯೊಳಗೆ ಪೆಟ್ಟಿಗೆ ಮೆತ್ತಗಾಗುತ್ತದೆ.

ಟ್ರಂಕಿನಲ್ಲಿ ಪತ್ರಿಕೆ ಇಲ್ಲದವರಿಗೆ ಕಾಫಿ ಬಣ್ಣದ ಕಾಗದ. ಫಿಲ್ಟರಿನ ಚರಟಕ್ಕೆ ಮತ್ತೆ ಬಿಸಿನೀರು ಹಾಕಿದರೆ ಬರುವ ತೆಳು ಡಿಕಾಕ್ಷನ್ ಸಾಕು. ಅಗಲದ ತಟ್ಟೆಗೆ ಹೊಯ್ದು, ಡ್ರಾಯಿಂಗ್ ಹಾಳೆಯನ್ನು ಐದು ನಿಮಿಷ ಅದ್ದಿ, ನೆರಳಿನಲ್ಲಿ ದಾರಕ್ಕೆ ಹಾಕಿ ಒಣಗಿಸಬೇಕು. ಒಂದೊಂದು ಹಾಳೆಯೂ ಒಂದೊಂದು ಬಣ್ಣ. ಬಿಚ್ಚಿದಾಗ ಸಣ್ಣಗೆ ಕಾಫಿ ವಾಸನೆಯೂ ಇರುತ್ತದೆ. ದಿನಕ್ಕೆ ಹತ್ತು ಪೆಟ್ಟಿಗೆಯ ಲೆಕ್ಕದಲ್ಲಿ ಹತ್ತು ದಿನಕ್ಕೆ ನೂರು ಆಗುತ್ತದೆ.

ಹಾಳೆ ಅಂದಾಗ ನೆನಪಾಯಿತು. ನಿಮ್ಮ ಅಜ್ಜ ತೋಟದಲ್ಲಿ ಬಿದ್ದ ಅಡಿಕೆ ಹಾಳೆಯನ್ನು ನೀರಿನಲ್ಲಿ ನೆನೆಸಿ, ಎರಡೂ ತುದಿ ಮಡಿಚಿ, ಕಡ್ಡಿ ಚುಚ್ಚಿ ಎಂಥ ಚೆಂದದ ಪಡಿಗೆ ಮಾಡುತ್ತಿದ್ದರು, ಅಲ್ವಾ? ಒಂದು ಹನಿ ನೀರು ಸೋರುತ್ತಿರಲಿಲ್ಲ. ಮರದ ಹಾಳೆಗೂ ಬರೆಯುವ ಹಾಳೆಗೂ ನಮ್ಮಲ್ಲಿ ಒಂದೇ ಹೆಸರು. ಮಡಿಸುವ ಕೆಲಸ ನಮ್ಮ ಮಕ್ಕಳಿಗೆ ಎಲ್ಲಿಂದಲೋ ಬರಬೇಕಾಗಿಲ್ಲ. ಅಜ್ಜನಂತೆ ನೆನೆಸಿ ಮಡಿಸುವುದನ್ನು ಕಾಗದದಲ್ಲಿ ಮಾಡಿ ತೋರಿಸಿದವರು ಜಪಾನಿನ ಅಕಿರಾ ಯೋಶಿಜಾವಾ (1911–2005). ದಪ್ಪ ಕಾಗದವನ್ನು ಸ್ವಲ್ಪವೇ ಒದ್ದೆ ಮಾಡಿ ಹಕ್ಕಿ, ಪ್ರಾಣಿಗಳ ಮೈ ದುಂಡಗೆ ಬರುವ ಹಾಗೆ ತಿದ್ದುತ್ತಿದ್ದರು. ಒಣಗಿದ ಮೇಲೆ ಅದು ಹಾಗೇ ಗಟ್ಟಿಯಾಗಿ ನಿಲ್ಲುತ್ತದೆ. ನಿನ್ನ ದೊಡ್ಡ ಮಗಳಿಗೆ ಇದನ್ನು ಹೇಳಿಕೊಡುತ್ತೇನೆ, ಅವಳ ಕೈ ಚೆನ್ನಾಗಿದೆ.

ನಿಮ್ಮಪ್ಪ-ಅಮ್ಮನಿಗೆ ಏನು ಅನ್ನುವುದಕ್ಕೂ ಉತ್ತರ ಆ ಟ್ರಂಕಿನಲ್ಲೇ ಸಿಕ್ಕಿತು. ಕಟ್ಟಿನ ತಳದಲ್ಲಿ ಗುಲಾಬಿ ಬಣ್ಣದ ತೆಳು ಕಾಗದ, ಒಂದೇ ಹಾಳೆ, ಎರಡು ಮಡಿಕೆ. ನಾಲ್ಕೂ ಮೂಲೆಯಲ್ಲಿ ಅರಿಶಿನದ ಕಲೆ. ಅಚ್ಚಿನ ಮೊಳೆ ಒತ್ತಿದ ಗುರುತು ಹಿಂಬದಿಯಲ್ಲಿ ಬೆರಳಿಗೆ ಸಿಗುತ್ತದೆ. ನಿಮ್ಮಪ್ಪ-ಅಮ್ಮನ ಲಗ್ನಪತ್ರಿಕೆ ಕಣೋ, 1976ರದ್ದು. ನಿಮ್ಮ ಮನೆಯಲ್ಲೇ ಒಂದೂ ಉಳಿದಿಲ್ಲ ಅಂತ ನಿಮ್ಮಮ್ಮ ಎಷ್ಟು ಸಲ ಹೇಳಿದ್ದಾರೆ! ನಮ್ಮಮ್ಮ ಅದನ್ನು ಹಿಡಿದುಕೊಂಡು ತುಂಬಾ ಹೊತ್ತು ಸುಮ್ಮನೆ ಕೂತಿದ್ದರು.

ಇದನ್ನು ಫ್ರೇಮ್ ಹಾಕಿಸಿ ಗೋಡೆಗೆ ತೂಗುಹಾಕೋಣ ಅಂತ ನೀನು ಹೇಳಬಹುದು. ಬೇಡ. ಆ ಕಾಲದ ಅಗ್ಗದ ಕಾಗದ ಬೆಳಕು ಬಿದ್ದಷ್ಟೂ ಹಳದಿಯಾಗಿ ಮುರುಕಲಾಗುತ್ತದೆ. ಅದು ಕತ್ತಲಲ್ಲಿ ಇರಬೇಕು, ಬೇಕಾದಾಗ ಕೈಗೂ ಸಿಗಬೇಕು. ಅದಕ್ಕೆ ನಾವೊಂದು ಕಡತ ಮಾಡೋಣ.

ಕಡತ ಅಂದರೆ ಈಗ ಆಫೀಸಿನ ಫೈಲು. ಹಿಂದೆ ಅದು ಬಟ್ಟೆಯ ಪುಸ್ತಕ. ಹುಣಸೆ ಬೀಜದ ಅಂಟಿಗೆ ಇದ್ದಿಲು ಪುಡಿ ಕಲಸಿ ಬಟ್ಟೆಗೆ ಬಳಿದು, ಒಣಗಿಸಿ ಕಪ್ಪು ಹಲಗೆಯ ಹಾಗೆ ಮಾಡುತ್ತಿದ್ದರು. ಉದ್ದದ ಪಟ್ಟಿಯನ್ನು ಒಂದು ಸಲ ಆಚೆ, ಒಂದು ಸಲ ಈಚೆ ಮಡಿಸಿದರೆ ಪುಸ್ತಕ. ಬಳಪದಲ್ಲಿ ಲೆಕ್ಕಪತ್ರ ಬರೆಯುತ್ತಿದ್ದರು, ಬೇಡವಾದದ್ದನ್ನು ಒರೆಸಿ ಮತ್ತೆ ಬರೆಯಬಹುದಿತ್ತು. ಇಲ್ಲೇ ಪಕ್ಕದ ಶೃಂಗೇರಿ ಮಠದ ಹಳೆಯ ಕಡತಗಳನ್ನು ಇತಿಹಾಸ ಬರೆಯುವವರು ಇವತ್ತಿಗೂ ಆಧಾರವಾಗಿ ಹಿಡಿಯುತ್ತಾರೆ. ನಮ್ಮದೇ ನೆಲದ ಇಂಥ ಪುಸ್ತಕ ಇರುವಾಗ ಬೇರೆ ಆಲ್ಬಮ್ ಯಾಕೆ?

ನಾವು ಬಟ್ಟೆಯ ಬದಲು ಕಪ್ಪು ಚಾರ್ಟ್ ಪೇಪರ್ ತೆಗೆದುಕೊಳ್ಳೋಣ, ಬಳಪದ ಬದಲು ಬಿಳಿ ಪೆನ್ಸಿಲ್. ಒಂದು ಚಾರ್ಟ್ 56 ಸೆಂ.ಮೀ. ಅಗಲ, 71 ಸೆಂ.ಮೀ. ಉದ್ದ ಇರುತ್ತದೆ. ಉದ್ದಕ್ಕೆ 18 ಸೆಂ.ಮೀ. ಅಗಲದ ಮೂರು ಪಟ್ಟಿ ಸಿಗುತ್ತವೆ. ಒಂದು ಪಟ್ಟಿಯಲ್ಲಿ 14 ಸೆಂ.ಮೀ.ನ ಐದು ಪುಟ, ತುದಿಯಲ್ಲಿ ಒಂದು ಸೆಂ.ಮೀ. ಅಂಟಿಸುವುದಕ್ಕೆ. ಐದು ಪುಟ ಅಂದರೆ ಪುಟಕ್ಕೆ ಹತ್ತು ವರ್ಷದಂತೆ ಐವತ್ತು ವರ್ಷ. ಈ ಲೆಕ್ಕ ಹೀಗೆ ಕೂಡಿಬಂದಾಗ ನನಗೆ ಎಷ್ಟು ಖುಷಿಯಾಯಿತು ಅಂತ ಹೇಳಲಾರೆ. ಒಂದು ಪಟ್ಟಿ ನಿಮ್ಮಪ್ಪನದು, ಅದಕ್ಕೆ ಅಂಟಿಸಿದ ಇನ್ನೊಂದು ನಿಮ್ಮಮ್ಮನದು. ಮೂರನೆಯದರಲ್ಲಿ ಜೇಬು ಮಾಡೋಣ. ಲಗ್ನಪತ್ರಿಕೆ ಆ ಜೇಬಿನೊಳಗೆ, ಅಂಟು ಸೋಕದ ಹಾಗೆ. ಅದರ ಹತ್ತಿರ ಫೆವಿಕಾಲ್ ತರಲೇಬೇಡ, ಒಮ್ಮೆ ಹಿಡಿದರೆ ಹಳೆ ಕಾಗದದಿಂದ ಬಿಡಿಸಲು ಆಗುವುದಿಲ್ಲ.

ಮಡಿಸುವ ಮೊದಲು ಕಾಗದದ ನಾರು ಯಾವ ಕಡೆ ಓಡುತ್ತದೆ ಅಂತ ನೋಡಿಕೊಳ್ಳಬೇಕು. ಹಾಳೆಯನ್ನು ಮಡಿಸದೆ ಸುಮ್ನೆ ಬಾಗಿಸು, ಒಮ್ಮೆ ಉದ್ದಕ್ಕೆ, ಒಮ್ಮೆ ಅಡ್ಡಕ್ಕೆ. ಯಾವ ಕಡೆಗೆ ಸಲೀಸಾಗಿ ಬಾಗುತ್ತದೋ ಮಡಿಕೆಯೂ ಆ ಕಡೆಗೇ ಇರಬೇಕು. ತಿರುಗಾಮುರುಗಾ ಆದರೆ ಮಡಿಕೆಯ ಮೇಲೆ ಕಪ್ಪು ಬಣ್ಣ ಸೀಳಿ ಬಿಳಿ ಕಾಣುತ್ತದೆ. ಇಂಕು ಮುಗಿದ ಬಾಲ್‌ಪೆನ್ನಿನಿಂದ ಸ್ಕೇಲ್ ಹಿಡಿದು ಒಮ್ಮೆ ಗೆರೆ ಒತ್ತಿ ಆಮೇಲೆ ಮಡಿಸಿದರೆ ಇನ್ನೂ ಚೊಕ್ಕ. ಎರಡು ತುದಿಗೂ ಹಳೆ ನೋಟ್‌ಬುಕ್ಕಿನ ರಟ್ಟು, ಅದರ ಮೇಲೆ ನಿಮ್ಮಮ್ಮನ ಹಳೆಯ ಸೀರೆಯ ತುಂಡು. ಅಂಟಿಸಿದ ಮೇಲೆ ಎರಡು ಮಣೆಯ ನಡುವೆ ಇಟ್ಟು ಮೇಲೆ ಅಕ್ಕಿ ಡಬ್ಬ ಹೇರಿ ಒಂದು ರಾತ್ರಿ ಬಿಡಬೇಕು.

ಅಂಟು ಮನೆಯದೇ ಸಾಕು. ಒಂದು ಚಮಚ ಮೈದಾಕ್ಕೆ ಐದು ಚಮಚ ನೀರು, ಸಣ್ಣ ಉರಿಯಲ್ಲಿ ಗಂಜಿಯಂತೆ ಹೊಳೆಯುವವರೆಗೆ ತಿರುವುತ್ತಾ ಇರಬೇಕು. ಆಯಾ ದಿನದ್ದು ಆಯಾ ದಿನ ಮಾಡಿಕೊಳ್ಳೋಣ. ಹಿಂದೆ ಪೋಸ್ಟರ್ ಅಂಟಿಸುವವರು ಹುಳ ಬರದಿರಲಿ ಅಂತ ಇದಕ್ಕೆ ಮೈಲುತುತ್ತ ಹಾಕುತ್ತಿದ್ದರು. ತೋಟದಲ್ಲಿ ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯಲು ಸುಣ್ಣದ ಜೊತೆ ಕಲಸುವ ಅದೇ ಮೈಲುತುತ್ತ. ಅದು ವಿಷ, ಮಕ್ಕಳು ಕೈ ಹಾಕುವ ಅಂಟಿಗೆ ಬೇಡವೇ ಬೇಡ.

ಪುಟಗಳಲ್ಲಿ ಏನಿರಬೇಕು ಅಂತ ಮಕ್ಕಳೇ ತೀರ್ಮಾನಿಸಲಿ. ಅಜ್ಜ-ಅಜ್ಜಿಯನ್ನು ಕೇಳಿ ಕೇಳಿ ಬರೆಯಲಿ. ಫೋಟೋ ಇದ್ದರೆ ಪುಟದಲ್ಲಿ ನಾಲ್ಕು ಸೀಳು ಹಾಕಿ ಮೂಲೆ ಸಿಕ್ಕಿಸಿದರೆ ಆಯಿತು. ಎರಡನೆಯ ಪುಟದಲ್ಲಿ ನಾವಿಬ್ಬರೂ ಇದ್ದೇವೆ ನೋಡು. ಅಲ್ಲಿ ಒಂದು ಪುಟ್ಟ ಕಾಗದದ ದೋಣಿ ಅಂಟಿಸಬೇಕು ಅಂತ ನನ್ನ ಆಸೆ. ಜೂನ್ ಮಳೆಯಲ್ಲಿ ಹೊಸ ನೋಟ್‌ಬುಕ್ಕಿನ ನಡುವಿನ ಹಾಳೆ ಕಿತ್ತು ಅಂಗಳದ ಚರಂಡಿಯಲ್ಲಿ ದೋಣಿ ಬಿಟ್ಟಿದ್ದಕ್ಕೆ ನಿಮ್ಮಮ್ಮ ನಮ್ಮಿಬ್ಬರಿಗೂ ಬೈದದ್ದು ನೆನಪಿದೆಯಾ? ನಡುವಿನ ಹಾಳೆ ಕಿತ್ತರೆ ಪಿನ್ನು ಸಡಿಲವಾಗಿ ಉಳಿದವೂ ಉದುರುತ್ತವೆ ಅಂತ ಕೂರಿಸಿಕೊಂಡು ತೋರಿಸಿದ್ದರು. ನನಗೆ ಪುಸ್ತಕ ಹೊಲಿಯುವುದು ಹೇಗೆ ಅಂತ ಮೊದಲು ತಿಳಿದದ್ದು ಆ ದಿನ.

ನಿನ್ನ ಚಿಕ್ಕವನಿಗೆ ಸಣ್ಣ ಕೆಲಸ ಇಟ್ಟಿದ್ದೇನೆ. ಬಿಳಿ ಕ್ರೇಪ್ ಕಾಗದದಲ್ಲಿ ಕಾಫಿ ಹೂ. ಐದು ಎಸಳು, ಕ್ರೇಪಿನ ನಿರಿಗೆ ಎಸಳಿನ ಉದ್ದಕ್ಕೇ ಬರಬೇಕು. ಹೆಬ್ಬೆರಳಿನಿಂದ ನಡುವೆ ಸ್ವಲ್ಪ ಎಳೆದರೆ ಎಸಳು ನಿಜವಾದ ಹೂವಿನಂತೆ ಬಾಗುತ್ತದೆ. ಕತ್ತರಿಸಿ ಬಿಟ್ಟ ಕಾಫಿ ರೆಂಬೆಯ ಗೆಣ್ಣುಗೆಣ್ಣಿಗೂ ಗೊಂಚಲು ಕಟ್ಟಿ ಹೂದಾನಿಯಲ್ಲಿಟ್ಟರೆ ಸಾಕು. ತೋಟದಲ್ಲಿ ಹೂಮಳೆ ಬಂದು ಎಂಟು-ಹತ್ತು ದಿನಕ್ಕೆ ಅರಳಿದ ಹೂ ಎರಡು-ಮೂರು ದಿನ ಇರುತ್ತದೆ, ಅಷ್ಟೇ. ನಿಮ್ಮಮ್ಮನಿಗೆ ಅದೆಂದರೆ ಪ್ರಾಣ.

ಇನ್ನೊಂದು. ನೀನು ಯಾರ ಮದುವೆಗೆ ಹೋದರೂ ಮುಯ್ಯಿ ಕವರ್ ಹುಡುಕುತ್ತಾ ಓಡಾಡುತ್ತೀಯ. ಎ4 ಹಾಳೆಯ ಎರಡೂ ಬದಿ ಎರಡೆರಡು ಸೆಂ.ಮೀ. ಒಳಕ್ಕೆ ಮಡಿಸಿ, ಕೆಳಗಿನಿಂದ 9 ಸೆಂ.ಮೀ. ಮೇಲಕ್ಕೆ ಮಡಿಸಿ ಅಂಚು ಅಂಟಿಸಿದರೆ 17 ಸೆಂ.ಮೀ. ಅಗಲದ ಕವರ್ ಆಗುತ್ತದೆ. ಮೇಲೆ ಮುಚ್ಚಲು ಐದು ಸೆಂ.ಮೀ. ಬಿಟ್ಟು ಉಳಿದದ್ದು ಕತ್ತರಿಸಿಬಿಡು. 500ರ ನೋಟು 15 ಸೆಂ.ಮೀ. ಉದ್ದ, ಆರಾಮಾಗಿ ಕೂರುತ್ತದೆ. ಒಂದು ರೂಪಾಯಿ ನಾಣ್ಯಕ್ಕೆ ಮುಚ್ಚಳದ ಮೇಲೆ ಎದುರುಬದುರು ಎರಡು ಬಾಗಿದ ಸೀಳು ಹಾಕಿದರೆ ಅದರ ಅಂಚು ಸಿಕ್ಕಿಕೊಳ್ಳುತ್ತದೆ. ಮಕ್ಕಳು ರಜೆಯಲ್ಲಿ ಇಪ್ಪತ್ತು ಮಾಡಿಟ್ಟರೆ ನಿನಗೆ ವರ್ಷಕ್ಕಾಯಿತು.

ಮೇ 10ರೊಳಗೆ ಮಕ್ಕಳನ್ನು ಕರೆದುಕೊಂಡು ಬಾ. ಬಿಳಿ ಪೆನ್ಸಿಲ್ ಮತ್ತು ಕ್ರೇಪ್ ಕಾಗದ ಅಲ್ಲಿಂದಲೇ ತಾ, ಇಲ್ಲಿ ಸಿಗುವುದು ಬಣ್ಣ ಬಿಡುತ್ತದೆ. ಬರುವವರ ಹೆಸರಿನ ಪಟ್ಟಿ ಈ ವಾರವೇ ಕಳಿಸು, ಅಮ್ಮ ಪತ್ರಿಕೆಗಳನ್ನು ಬೇರೆ ತೆಗೆದಿಡುತ್ತಾರೆ.

ಮತ್ತೆ, ನಿಮ್ಮಪ್ಪ ದಿನಾ ಬೆಳಿಗ್ಗೆ ಪೇಪರ್ ಓದಲು ನಮ್ಮ ಜಗಲಿಗೆ ಬರುತ್ತಾರಲ್ಲ. ಎಂಟು ಗಂಟೆಯೊಳಗೆ ಎಲ್ಲವನ್ನೂ ಒಳಗೆ ಸಾಗಿಸುತ್ತಿದ್ದೇವೆ. ನಿನ್ನೆ ಒಂದು ಕಪ್ಪು ಚಾರ್ಟ್ ಹೊರಗೇ ಉಳಿದಿತ್ತು. "ಇದೇನ್ರೋ ಮಕ್ಕಳೇ?" ಅಂದರು. ಶಾಲೆಯ ಪ್ರಾಜೆಕ್ಟ್ ಅಂತ ಮಗಳು ಹೇಳಿದ್ದಾಳೆ. ಕೇಳಿದರೆ ನೀನೂ ಅದನ್ನೇ ಹೇಳು.

ನಿನ್ನ ದಾರಿ ನೋಡುತ್ತಿರುವ
ಗೆಳೆಯ