ಮೇಷ್ಟ್ರ ಮೇಲೆ ಯಾರ ಹತ್ತಿರ ದೂರು ಹೇಳೋದು?

ಗೆಳೆಯಾ,

ಮೊನ್ನೆ ಫೋನಿನಲ್ಲಿ, "ನಾನೂ ಮಗನನ್ನ ಶಾಲೆ ಬಿಡಿಸಿ ಮನೆಯಲ್ಲೇ ಓದಿಸಲಾ, ನಿಂದು ಹೇಗೆ ನಡೀತಿದೆ?" ಅಂತ ಕೇಳಿದೆಯಲ್ಲ, "ಚೆನ್ನಾಗಿದೆ ಕಣೋ" ಅಂದುಬಿಟ್ಟೆ. ಹಿಂದೆ ನನ್ನ ಮಗ ನಿಂತಿದ್ದ, ಅದಕ್ಕೆ. ಈಗ ರಾತ್ರಿ ಹತ್ತೂವರೆ, ಮಕ್ಕಳು ಮಲಗಿದ್ದಾರೆ. ಉಳಿದದ್ದು ಹೇಳ್ತೀನಿ ಕೇಳು.

ನಾವೇನು ದೊಡ್ಡ ಯೋಚನೆ ಮಾಡಿ ಶುರು ಮಾಡಿದ್ದಲ್ಲ. 2020ರಲ್ಲಿ ಶಾಲೆಗಳು ಮುಚ್ಚಿದವು. ಮಗಳು ಮೊಬೈಲ್ ಮುಂದೆ ಕೂತು ತೂಕಡಿಸುತ್ತಿದ್ದಳು, ನಾನೇ ಹೇಳಿಕೊಟ್ಟೆ, ಕಲಿತಳು. ಶಾಲೆ ತೆರೆದ ಮೇಲೂ ಹಾಗೇ ಮುಂದುವರಿಯಿತು. ಮಗನನ್ನಂತೂ ಸೇರಿಸಲೇ ಇಲ್ಲ. ಈಗ ಅವಳಿಗೆ 12, ಅವನಿಗೆ 8.

ನಿನ್ನೆ ಬೆಳಗ್ಗೆ ನಡೆದದ್ದು ಇದು. 402ರಲ್ಲಿ 178 ಕಳೆಯಬೇಕು. "ಎರಡರಲ್ಲಿ ಎಂಟು ಹೋಗಲ್ಲ, ಪಕ್ಕದ ಮನೆಯಿಂದ ಸಾಲ ತಗೋ" ಅಂದೆ, ನಮ್ಮ ಮೇಷ್ಟ್ರು ಹೇಳುತ್ತಿದ್ದ ಹಾಗೇ. "ಪಕ್ಕದ ಮನೇಲಿ ಸೊನ್ನೆ ಇದೆ" ಅಂದ. "ಅದರಾಚೆ ಮನೆಗೆ ಹೋಗು." ಹೋದ. ನಾಲ್ಕು ಮೂರಾಯಿತು, ಸೊನ್ನೆ ಹತ್ತಾಯಿತು. ಅಷ್ಟರಲ್ಲಿ ನನಗೆ ಆಫೀಸಿನ ಕಾಲ್. ಇಪ್ಪತ್ತು ನಿಮಿಷ ಬಿಟ್ಟು ಬಂದರೆ ಪೆನ್ಸಿಲ್ ಹೆರೆದು ಹೆರೆದು ಬೆರಳುದ್ದ ಮಾಡಿದ್ದ. ಪುಸ್ತಕದಲ್ಲಿ ರಬ್ಬರ್ ಉಜ್ಜಿ ತೂತು. ಲೆಕ್ಕ ಅಲ್ಲೇ ನಿಂತಿತ್ತು. ತಲೆ ಎತ್ತಿ, "ಅಪ್ಪಾ, ಈ ಸಾಲ ವಾಪಸ್ ಕೊಡೋದು ಯಾವಾಗ?" ಅಂತ ಕೇಳಿದ.

ಒಳ್ಳೇ ಪ್ರಶ್ನೆ ಅಲ್ವಾ? ಬೇರೆಯವರ ಮಗ ಕೇಳಿದ್ದರೆ ಬೆನ್ನು ತಟ್ಟುತ್ತಿದ್ದೆ. ನಾನು, "ಹೇಳಿದಷ್ಟು ಮಾಡು" ಅಂತ ಕಿರುಚಿದೆ. ಅವನು ಹಿತ್ತಲಿಗೆ ಹೋಗಿ ಕರಿಬೇವಿನ ಗಿಡದ ಹತ್ತಿರ ಕೂತು ಅತ್ತ.

ನಮಗೆ ಮೇಷ್ಟ್ರು ಬೈದರೆ ಮನೆಗೆ ಬಂದು ಅಮ್ಮನ ಮುಂದೆ ಅವರನ್ನ ಮನಸಾರೆ ಬೈಕೊಳ್ಳುತ್ತಿದ್ದೆವು. ಇವನು ಎಲ್ಲಿಗೆ ಹೋಗಬೇಕು ಹೇಳು? ಇವನ ಮೇಷ್ಟ್ರು ಊಟಕ್ಕೆ ಪಕ್ಕದಲ್ಲೇ ಕೂತಿರುತ್ತಾನೆ, ರಾತ್ರಿ ಹೊದಿಕೆ ಹೊದಿಸಲೂ ಅವನೇ ಬರುತ್ತಾನೆ. ನನ್ನ ಅಮ್ಮ ಇಲ್ಲಿದ್ದಾಗ ಪರವಾಗಿಲ್ಲ, ಅವಳೇ ಹೆಡ್ ಮೇಡಂ. "ನಿಮ್ಮಪ್ಪನಿಗೂ ಬರ್ತಿರಲಿಲ್ಲ ಬಿಡೋ" ಅಂತ ಅವನ ಪರ ತೀರ್ಪು ಕೊಟ್ಟುಬಿಡುತ್ತಾಳೆ. ಈಗ ತಮ್ಮನ ಮನೆಗೆ ಹೋಗಿದ್ದಾಳೆ. ನನ್ನ ಹೆಂಡತಿ ಕೆಲಸದಿಂದ ಬರುವುದು ಸಂಜೆ ಏಳಕ್ಕೆ. ಅಷ್ಟು ಹೊತ್ತಿಗೆ ಅವನಿಗೆ ಸಿಟ್ಟೂ ಮರೆತಿರುತ್ತದೆ. ನನಗೆ ಮರೆಯುವುದಿಲ್ಲ.

ವೇಳಾಪಟ್ಟಿ ಮಾಡಿದ್ದೆವು, ಬಣ್ಣದ ಸ್ಕೆಚ್ ಪೆನ್ನಿನಲ್ಲಿ. ಫ್ರಿಜ್ ಮೇಲೆ ಇನ್ನೂ ಇದೆ. ಗ್ಯಾಸ್ ಸಿಲಿಂಡರಿನವನು ಅದನ್ನು ಓದಿಲ್ಲ, ಕರೆಂಟೂ ಓದಿಲ್ಲ.

ಮನೆಯೇ ಪಾಠಶಾಲೆ, ಊರೇ ಪುಸ್ತಕ ಅಂತೆಲ್ಲ ನಾನೂ ಹೇಳಿಕೊಂಡು ತಿರುಗಿದವನೇ. ಹೋದ ತಿಂಗಳು ಮಗಳನ್ನು ಶ್ರೀರಂಗಪಟ್ಟಣಕ್ಕೆ ಕರೆದುಕೊಂಡು ಹೋದೆ. 1799ರ ಯುದ್ಧ, ಕೋಟೆ ಹೇಗೆ ಬಿತ್ತು, ಟಿಪ್ಪು ಸತ್ತ ಜಾಗ, ಎಲ್ಲ ಹಿಂದಿನ ರಾತ್ರಿ ಓದಿಕೊಂಡಿದ್ದೆ. ಅವಳು ಕೋಟೆ ಗೋಡೆಯ ಮೇಲೆ ಒಂದು ಓತಿಕ್ಯಾತ ನೋಡಿದಳು. ಮುಕ್ಕಾಲು ಗಂಟೆ ಅದರ ಚಿತ್ರ ಬರೆದಳು. ಓತಿಕ್ಯಾತ ಚೆನ್ನಾಗೇ ಬಂದಿದೆ, ಕತ್ತಿನ ಮುಳ್ಳುಗಳೆಲ್ಲ ಇವೆ. ಟಿಪ್ಪು ಯಾವ ಇಸವಿಯಲ್ಲಿ ಸತ್ತ ಅಂತ ಬಸ್ಸಿನಲ್ಲಿ ಕೇಳಿದರೆ ಕಿಟಕಿ ಕಡೆ ತಿರುಗಿದಳು.

ಕಾನೂನು ಏನು ಹೇಳುತ್ತೆ ಅಂತಲೂ ಕೇಳಿದ್ದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯಲ್ಲಿ 6ರಿಂದ 14 ವರ್ಷದ ಮಕ್ಕಳಿಗೆ ಉಚಿತ, ಕಡ್ಡಾಯ ಶಿಕ್ಷಣ ಅಂತ ಇದೆ. ಮನೆಯಲ್ಲಿ ಕಲಿಸುವುದರ ಬಗ್ಗೆ ಸರಿ ಅಂತಲೂ ಇಲ್ಲ, ತಪ್ಪು ಅಂತಲೂ ಇಲ್ಲ. ಹೀಗಾಗಿ ನಮ್ಮಂಥವರೆಲ್ಲ ನಂಬಿಕೊಂಡಿರುವುದು ಎನ್‌ಐಒಎಸ್ ಅನ್ನು. 1989ರಲ್ಲಿ ಶುರುವಾದ ಕೇಂದ್ರ ಸರ್ಕಾರದ ಮುಕ್ತ ಶಾಲೆ ಅದು, ಮನೆಯಲ್ಲೇ ಓದಿಕೊಂಡು ಪರೀಕ್ಷೆ ಬರೆಯಬಹುದು. 14 ತುಂಬಿದವರು ಹತ್ತನೇ ತರಗತಿಗೆ ಸೇರಬಹುದು, ಐದು ವಿಷಯ ಪಾಸು ಮಾಡಿದರೆ ಸಾಕು. ಪರೀಕ್ಷೆ ವರ್ಷಕ್ಕೆ ಎರಡು ಸಲ. ಎಲ್ಲ ಒಂದೇ ಸಲ ಬರೆಯಬೇಕು ಅಂತಿಲ್ಲ, ಐದು ವರ್ಷ ಟೈಮ್ ಇರುತ್ತದೆ. ಮಗಳಿಗೆ ಇನ್ನೆರಡು ವರ್ಷ. ಧೈರ್ಯ ಇದೆ, ಆದರೆ ರಾತ್ರಿ ಎಚ್ಚರವಾದಾಗ ಇರುವುದಿಲ್ಲ.

ಜನರದ್ದು ಬಿಡು, "ಯಾವ ಸ್ಕೂಲು ಪುಟ್ಟಾ?" ಅಂತ ಲಿಫ್ಟಿನಲ್ಲಿ, ಮದುವೆ ಮನೆಯಲ್ಲಿ, ಹಾಲಿನ ಬೂತಿನಲ್ಲಿ ಕೇಳೇ ಕೇಳುತ್ತಾರೆ. ಮಗ ಈಗ "ಅಪ್ಪನ ಸ್ಕೂಲು" ಅಂತಾನೆ, ನಾನೇನೋ ಕಟ್ಟಿಸಿರಬೇಕು ಅಂದುಕೊಂಡು ಸುಮ್ಮನಾಗುತ್ತಾರೆ. ನಿಜವಾಗಿ ಬೇಜಾರಾಗಿದ್ದು ಚೆಸ್ ಪಂದ್ಯದ ಫಾರಂ ನೋಡಿ. ಶಾಲೆಯ ಹೆಸರು, ಮುಖ್ಯೋಪಾಧ್ಯಾಯರ ಸಹಿ, ಸೀಲು ಬೇಕಂತೆ. ಮಗಳು ಎರಡು ತಿಂಗಳಿಂದ ಆಡಿ ಆಡಿ ತಯಾರಾಗಿದ್ದಳು. ಫೋನ್ ಮಾಡಿ ಬೇಡಿಕೊಂಡೆ, ಆಗಲ್ಲ ಅಂದರು. "ಸೀಲ್ ಎಷ್ಟಕ್ಕೆ ಮಾಡಿಕೊಡ್ತಾರೆ?" ಅಂತ ನನ್ನ ಹೆಂಡತಿ ತಮಾಷೆ ಮಾಡಿದಳು. ಮಗಳು ನಗಲಿಲ್ಲ. ಅವತ್ತು ಮೊದಲ ಸಲ, "ನಾನು ಸ್ಕೂಲಿಗೆ ಹೋದ್ರೆ ನಿಂಗೆ ಬೇಜಾರಾಗುತ್ತಾ?" ಅಂತ ಕೇಳಿದಳು. ಇಲ್ಲ ಅಂದೆ. ಜೂನ್‌ನಲ್ಲಿ ನೋಡೋಣ ಅಂತ ಮಾತಾಗಿದೆ.

ನಿನ್ನ ಮಗನನ್ನ ಬಿಡಿಸು ಅಂತಲೂ ಹೇಳಲ್ಲ, ಬೇಡ ಅಂತಲೂ ಹೇಳಲ್ಲ. ದಸರಾಗೆ ಅವನನ್ನ ಕರ್ಕೊಂಡು ಬಾ. ಎರಡು ದಿನ ಮೂರೂ ಮಕ್ಕಳಿಗೆ ನೀನು ಪಾಠ ಮಾಡು, ನಾನು ಕುಕ್ಕರಹಳ್ಳಿ ಕೆರೆ ಸುತ್ತಿಕೊಂಡು ಬರ್ತೀನಿ. ಆ ಸಾಲದ ಪ್ರಶ್ನೆಗೆ ಉತ್ತರ ಹೊಳೆದರೆ ಅದಕ್ಕೂ ಮುಂಚೆ ಫೋನ್ ಮಾಡು. ನಾಳೆ ಬೆಳಗ್ಗೆ 500ರಲ್ಲಿ 263 ಇದೆ.

ನಿನ್ನ,
ಅಪ್ಪನ ಸ್ಕೂಲಿನ ಮೇಷ್ಟ್ರು